ತಾತನ ಬಲೆ, ದೊರೆಯ ಬಂದೂಕು

ನಮಸ್ಕಾರ ಕೇಳುಗರೇ.

ಗುಂಡ್ಲುಪೇಟೆ ಕಡೆ ನಮ್ಮಜ್ಜಿ ಊರು. ಕೊನೆಯ ಹೊಲ ದಾಟಿದರೆ ಕಾಡು, ಬಂಡೀಪುರದ ಕಾಡು. ನಾನು ಚಿಕ್ಕವನಿದ್ದಾಗ ಆ ಮನೆಯ ಹಿತ್ತಲಲ್ಲಿ ಹುಲ್ಲಿನ ಮೆದೆಯ ಮೇಲೆ ಒಂದು ಬಲೆ ಹೊದಿಸಿರುತ್ತಿದ್ದರು, ಗಾಳಿಗೆ ಹುಲ್ಲು ಹಾರದಿರಲಿ ಅಂತ. ಸೆಣಬಿನ ಹುರಿಯ ಬಲೆ. ಹುರಿ ಬೆರಳು ದಪ್ಪ, ಒಂದೊಂದು ಕಣ್ಣೂ ನನ್ನ ತಲೆ ತೂರುವಷ್ಟು ಅಗಲ. ಇಷ್ಟು ದೊಡ್ಡ ಮೀನು ಯಾವ ಕೆರೆಯಲ್ಲಿದೆ ಅಜ್ಜಿ ಅಂತ ಕೇಳಿದ್ದೆ.

"ಮೀನಿಂದಲ್ಲ ಕಣ್ಮಗ, ಹಂದಿದು. ನಿಮ್ಮ ತಾತಂದು" ಅಂದರು.

ಯುಗಾದಿ ಮಾರನೇ ದಿನ ಊರಿಗೆ ಊರೇ ಬೇಟೆಗೆ ಹೋಗುತ್ತಿತ್ತಂತೆ. ಒಂದು ಕಡೆ ಬಲೆ ಕಟ್ಟಿ, ಇನ್ನೊಂದು ಕಡೆಯಿಂದ ತಮಟೆ ಬಡಿಯುತ್ತಾ ಪ್ರಾಣಿಗಳನ್ನು ಸೋವಿಕೊಂಡು ಬರುವುದು. ಸಿಕ್ಕಿದ್ದನ್ನು ಊರೆಲ್ಲ ಪಾಲು ಹಾಕಿಕೊಳ್ಳುವುದು. ಆಮೇಲೆ ಯಾಕೆ ಬಿಟ್ಟರು ಅಂದರೆ ಅಜ್ಜಿ ಹೇಳಿದ್ದು ಎರಡೇ ಮಾತು. "ಕಾನೂನು ಬಂತು."

ಯಾವ ಕಾನೂನು, ಯಾವಾಗ ಬಂತು, ಯಾರಿಗೆ ಬಂತು ಅನ್ನುವುದು ಅಜ್ಜಿಗೆ ಗೊತ್ತಿರಲಿಲ್ಲ. ನನಗೂ ಬಹಳ ವರ್ಷ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುತ್ತಾ ಹೋದ ಹಾಗೆ ಮನಸ್ಸಿಗೆ ಬಂದದ್ದನ್ನು ಇವತ್ತು ನಿಮ್ಮ ಮುಂದೆ ಹೇಳಬೇಕು.

ಬಂಡೀಪುರ ಮೊದಲು ಮೈಸೂರು ಮಹಾರಾಜರ ಬೇಟೆಕಾಡು. 1931ರಲ್ಲಿ ಅದರೊಳಗೆ 90 ಚದರ ಕಿಲೋಮೀಟರ್ ಜಾಗವನ್ನು ಅಭಯಾರಣ್ಯ ಅಂತ ಮಾಡಿದರು. ಇದು ತೀರಾ ಚಿಕ್ಕದಾಯಿತು ಅಂತ 1941ರಲ್ಲಿ ಸುಮಾರು 800 ಚದರ ಕಿಲೋಮೀಟರಿಗೆ ಹಿಗ್ಗಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಅಂತ ಹೆಸರಿಟ್ಟರು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲಿರುವ ದೇವರ ಹೆಸರು ಅದು. ಕೊಳಲು ಊದುವ, ದನ ಕಾಯುವ ದೇವರು. ಹುಲಿ ಇರುವ ಕಾಡಿಗೆ ಗೋಪಾಲಕನ ಹೆಸರು ಇಟ್ಟರಲ್ಲ, ನನಗೆ ಅದು ಯಾವತ್ತೂ ಇಷ್ಟ.

ಆದರೆ ಬೇಟೆಯ ನಿಯಮಗಳು ಅದಕ್ಕಿಂತ ಹಳೆಯವು. ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಒಂದು ಕಾಯ್ದೆ ಇತ್ತು, ಮೈಸೂರು ಗೇಮ್ ಅಂಡ್ ಫಿಶ್ ಪ್ರಿಸರ್ವೇಶನ್ ರೆಗ್ಯುಲೇಷನ್. ಅದರಲ್ಲಿರುವ ಗೇಮ್ ಅನ್ನುವ ಪದ ನೋಡಿ. ಬೇಟೆಗೆ ಯೋಗ್ಯವಾದ ಪ್ರಾಣಿ ಅಂತ ಅರ್ಥ. ನಮ್ಮಲ್ಲೂ ಬೇಟೆಯನ್ನು 'ಆಡು'ವುದು ಅಂತಲೇ ಹೇಳುತ್ತೇವೆ, ಅಲ್ವಾ? ಆಡುವವರಿಗೆ ಪ್ರಾಣಿ ಸಾಲದೆ ಹೋಗಬಾರದು ಅನ್ನುವ ಯೋಚನೆ ಆ ಕಾಲದ ಇಂಥ ಕಾಯ್ದೆಗಳ ಬೆನ್ನಿಗಿತ್ತು. ಕಾಡಿನ ಬಾಗಿಲಲ್ಲಿ ನಿಂತ ಮೊದಲ ನಿಯಮ ಬೇಟೆ ತಪ್ಪು ಅಂತ ಹೇಳಲಿಲ್ಲ. ನೀವು ಆಡಬೇಡಿ, ನಮಗೆ ಬೇಕು ಅಂತ ಹೇಳಿತು.

ಇದು ಸ್ವಲ್ಪ ಖಾರದ ಮಾತಾಯಿತೇನೋ. ಆದರೆ ಆಗ ಯಾವ ಪ್ರಾಣಿಗೆ ರಕ್ಷಣೆ ಇತ್ತು, ಯಾವುದಕ್ಕೆ ಇರಲಿಲ್ಲ ಅಂತ ನೋಡಿದರೆ ನಿಮಗೂ ಹಾಗೇ ಅನ್ನಿಸುತ್ತದೆ. ಜಿಂಕೆ, ಕಡವೆಗೆ ಕಾವಲು. ಹುಲಿ, ಚಿರತೆ, ಸೀಳುನಾಯಿ ಕೊಂದವರಿಗೆ ಸರ್ಕಾರದಿಂದಲೇ ಇನಾಮು. ಸೀಳುನಾಯಿಯ ಮೇಲೆ ಇದ್ದ ಸಿಟ್ಟಂತೂ ಹೇಳತೀರದು. ಅದು ಮಾಡಿದ ತಪ್ಪು ಒಂದೇ, ದೊರೆಗಳು ಹೊಡೆಯಬೇಕು ಅಂದುಕೊಂಡಿದ್ದ ಜಿಂಕೆಯನ್ನು ತಾನು ಮೊದಲೇ ತಿಂದುಬಿಡುತ್ತಿತ್ತು. ಇವತ್ತು ಬಂಡೀಪುರದ ಸಫಾರಿಯಲ್ಲಿ ಸೀಳುನಾಯಿಯ ಗುಂಪು ಕಂಡರೆ ಜನ ಉಸಿರು ಬಿಗಿಹಿಡಿದು ಫೋಟೋ ತೆಗೆಯುತ್ತಾರೆ. ಅದನ್ನು ನೋಡುವಾಗಲೆಲ್ಲ ನನಗೆ ಆ ಇನಾಮು ನೆನಪಾಗುತ್ತದೆ.

ಹೊಡೆದ ಹುಲಿಗಳು ಎಲ್ಲಿಗೆ ಹೋದವು? ಎಷ್ಟೋ ಹುಲಿಗಳು ನಮ್ಮ ಮೈಸೂರಿಗೇ ಬಂದವು. ಅಲ್ಲಿ ವ್ಯಾನ್ ಇಂಗೆನ್ ಕುಟುಂಬದವರ ಕಾರ್ಖಾನೆ ಇತ್ತು. ಸತ್ತ ಪ್ರಾಣಿಯ ಚರ್ಮ ಹದ ಮಾಡಿ, ಒಳಗೆ ಅಚ್ಚು ಕೂರಿಸಿ, ಗಾಜಿನ ಕಣ್ಣಿಟ್ಟು, ಬದುಕಿದೆಯೇನೋ ಅನ್ನುವ ಹಾಗೆ ನಿಲ್ಲಿಸುತ್ತಿದ್ದರು. ಸುಮಾರು ನೂರು ವರ್ಷ ನಡೆದು 1999ರಲ್ಲಿ ಮುಚ್ಚಿದ ಆ ಕಾರ್ಖಾನೆಯಲ್ಲಿ 40 ಸಾವಿರಕ್ಕೂ ಜಾಸ್ತಿ ಹುಲಿ, ಚಿರತೆಗಳನ್ನು ಹೀಗೆ ಸಿದ್ಧಮಾಡಿದ್ದರು. ಕೆಲಸ ಅದ್ಭುತವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಲೆಕ್ಕ ಕೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ನಮ್ಮ ಊರಿನ ಬಲೆಗೆ ವರ್ಷಕ್ಕೆ ಬೀಳುತ್ತಿದ್ದದ್ದು ಎಷ್ಟು ಹಂದಿ?

ಆನೆಯ ಕತೆ ಬೇರೆ. ಆನೆಗೆ ಕಾನೂನಿನ ಕಾವಲು ಬಹಳ ಬೇಗ ಬಂತು. ಮದ್ರಾಸ್ ಸರ್ಕಾರ 1873ರಲ್ಲೇ ಕಾಡಾನೆ ಕೊಲ್ಲಬಾರದು ಅಂತ ಕಾಯ್ದೆ ಮಾಡಿತು. 1879ರಲ್ಲಿ ಬ್ರಿಟಿಷ್ ಇಂಡಿಯಾದ ಕಾಯ್ದೆ ಬಂತು. ಪರವಾನಗಿ ಇಲ್ಲದೆ ಆನೆ ಕೊಂದರೆ, ಗಾಯ ಮಾಡಿದರೆ, ಹಿಡಿದರೆ, ಒಂದೊಂದು ಆನೆಗೂ 500 ರೂಪಾಯಿವರೆಗೆ ದಂಡ. ಆ ಕಾಲದ 500! ಜೀವ ಉಳಿಸಿಕೊಳ್ಳಲು ಹೊಡೆದರೆ, ಇಲ್ಲವೇ ಆನೆ ಬೆಳೆಗೋ ಮನೆಗೋ ಹಾನಿ ಮಾಡುತ್ತಿದ್ದಾಗ ಹೊಡೆದರೆ ತಪ್ಪಲ್ಲ. ಪರವಾನಗಿ ಇಲ್ಲದವನು ಕೊಂದ ಆನೆಯ ದಂತ ಮಾತ್ರ ಸರ್ಕಾರದ್ದೇ. ಇಷ್ಟು ಕಾಳಜಿ ಯಾಕೆ ಅಂದರೆ, ಆನೆ ದುಡಿಯುವ ಪ್ರಾಣಿ. ಮರ ಎಳೆಯುತ್ತದೆ, ಸೈನ್ಯದ ಸಾಮಾನು ಹೊರುತ್ತದೆ. ಕಾಡಿನಲ್ಲಿ ನಿಂತಿದ್ದರೂ ಅದು ಸರ್ಕಾರದ ಆಸ್ತಿ.

ಹಾಗಾಗಿ ಕೊಲ್ಲುವುದನ್ನು ನಿಲ್ಲಿಸಿ, ಹಿಡಿಯುವುದನ್ನು ಸರ್ಕಾರ ತಾನೇ ಶುರುಮಾಡಿತು. ಅದೇ ಖೆಡ್ಡಾ, ಆನೆ ಹಿಂಡನ್ನು ಅಟ್ಟಿಕೊಂಡು ಬಂದು ದೊಡ್ಡಿಯಲ್ಲಿ ಕೂಡಿಹಾಕುವುದು.

ಮೈಸೂರಿನಲ್ಲಿ ಖೆಡ್ಡಾ ನಡೆಸಿದವನು ಜಿ.ಪಿ. ಸ್ಯಾಂಡರ್ಸನ್. ಕಾಲುವೆ ನೋಡಿಕೊಳ್ಳುವ ಕೆಲಸದಲ್ಲಿದ್ದ ಇಂಗ್ಲಿಷಿನವನು. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಅವನಿಗಿಂತ ನೂರು ವರ್ಷ ಮೊದಲು ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ಆನೆ ಹಿಡಿಯಲು ನೋಡಿ, ಆಗದೆ ಸೋತು, ಇನ್ನು ಯಾರಿಂದಲೂ ಇದು ಆಗುವುದಿಲ್ಲ, ಪ್ರಯತ್ನ ಮಾಡಿದವರಿಗೆ ಶಾಪ ತಟ್ಟಲಿ ಅಂತ ಅಲ್ಲೇ ಕಲ್ಲಿನಲ್ಲಿ ಬರೆಸಿದ್ದನಂತೆ. ಈ ವಿಷಯ ಬರೆದಿಟ್ಟವನೂ ಸ್ಯಾಂಡರ್ಸನ್ನೇ. ಶಾಪಕ್ಕೆ ಹೆದರದೆ ಅವನು ಚಾಮರಾಜನಗರದ ಕಡೆ ಖೆಡ್ಡಾ ಮಾಡಿ ಗೆದ್ದ. ಗುಂಡಿ ತೋಡಿ ಆನೆ ಬೀಳಿಸುವ ಹಳೆಯ ಪದ್ಧತಿಯನ್ನು ಅವನು ಬಹಳ ಬೈದಿದ್ದಾನೆ. ಬಿದ್ದ ಆನೆಯ ಕಾಲು ಮುರಿಯುತ್ತದೆ, ಗುಂಡಿಯಲ್ಲೇ ನರಳಿ ಸಾಯುತ್ತದೆ. ಆ ಮಾತು ಸರಿಯಾದದ್ದೇ.

1873ರಿಂದ 1971ರವರೆಗೆ ಒಟ್ಟು 36 ಖೆಡ್ಡಾ ನಡೆದವು. ಕಾಕನಕೋಟೆಯದ್ದಂತೂ ಜಗತ್ತಿಗೇ ಹೆಸರಾಯಿತು. ಆನೆ ಹಿಂಡನ್ನು ದಿನಗಟ್ಟಲೆ ಸುತ್ತುವರಿದು, ರಾತ್ರಿ ಬೆಂಕಿ ಹಾಕಿ, ಹಗಲು ತಮಟೆ ಬಡಿದು, ಕೂಗಿ, ಹುಸಿ ಗುಂಡು ಹಾರಿಸಿ, ಮೆಲ್ಲಗೆ ಕಬಿನಿ ಹೊಳೆಗೆ ಇಳಿಸಿ, ಹೊಳೆ ದಾಟಿಸಿ, ಆಚೆ ದಡದಲ್ಲಿ ದಿಮ್ಮಿ ನೆಟ್ಟು ಕಟ್ಟಿದ ದೊಡ್ಡಿಗೆ ನುಗ್ಗಿಸುತ್ತಿದ್ದರು. ಒಳಗೆ ಪಳಗಿದ ಆನೆಗಳ ಮೇಲೆ ಕೂತ ಮಾವುತರು ಒಂದೊಂದೇ ಕಾಡಾನೆಯ ಕಾಲಿಗೆ, ಕುತ್ತಿಗೆಗೆ ಹಗ್ಗ ಹಾಕುತ್ತಿದ್ದರು. ನೋಡುವುದಕ್ಕೆ ಮಂಚಿಕೆಯ ಮೇಲೆ ದೊರೆಗಳು, ವೈಸರಾಯ್‌ಗಳು. ಗಾಯಗೊಂಡು ಸತ್ತ ಆನೆಗಳೂ ಇದ್ದವು, ತಾಯಿಂದ ಅಗಲಿದ ಮರಿಗಳೂ ಇದ್ದವು.

ಇದನ್ನೆಲ್ಲ ನಿಜವಾಗಿ ಮಾಡಿದವರು ಯಾರು? ಜೇನುಕುರುಬರು, ಕಾಡುಕುರುಬರು. ಹಿಂಡು ಎಲ್ಲಿದೆ, ಯಾವ ದಾರಿ ಹಿಡಿಯುತ್ತದೆ, ಯಾವ ಗಾಳಿಗೆ ಬೆದರುತ್ತದೆ ಅಂತ ಗೊತ್ತಿದ್ದದ್ದು ಅವರಿಗೆ ಮಾತ್ರ. ಅದೇ ಮನುಷ್ಯ ತನ್ನ ಗುಡಿಸಲಿನ ಹಿಂದೆ ಮೊಲಕ್ಕೆ ಉರುಳು ಒಡ್ಡಿದರೆ ಅಪರಾಧಿ. ಸರ್ಕಾರ ಕರೆದಾಗ ಬಂದು ನೂರಾರು ಜನರ ಜೊತೆ ಆನೆ ಹಿಂಡನ್ನೇ ಬಲೆಗೆ ಕೆಡವಿದರೆ ಭೇಷ್. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಸಂಕಟ ಆಗುತ್ತದೆ.

1971ರಲ್ಲಿ ಕೊನೆಯ ಖೆಡ್ಡಾ. ಆಮೇಲೆ ಕಬಿನಿ ಅಣೆಕಟ್ಟು ಬಂದು ಖೆಡ್ಡಾ ನಡೆಯುತ್ತಿದ್ದ ಜಾಗವೇ ನೀರಿನಡಿ ಹೋಯಿತು.

ಮರುವರ್ಷ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ. ಆ ದಿನದಿಂದಲೇ ದೇಶದಲ್ಲಿ ಬೇಟೆ ಪೂರ್ತಿ ನಿಂತಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನೂ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಆ ಕಾಯ್ದೆಯ ಮೊದಲ ರೂಪದಲ್ಲಿ ನಾಲ್ಕು ಬಗೆಯ ಲೈಸೆನ್ಸ್ ಇತ್ತು. ವಿಶೇಷ ಬೇಟೆಗೆ ಒಂದು, ದೊಡ್ಡ ಬೇಟೆಗೆ ಒಂದು, ಸಣ್ಣ ಬೇಟೆಗೆ ಒಂದು, ಪ್ರಾಣಿ ಹಿಡಿಯುವುದಕ್ಕೆ ಇನ್ನೊಂದು. ಹುಲಿಯಂಥ ಮೊದಲ ಪಟ್ಟಿಯ ಪ್ರಾಣಿಗಳನ್ನು ಮುಟ್ಟುವ ಹಾಗಿಲ್ಲ. ಬೇರೆ ಪಟ್ಟಿಗಳಲ್ಲಿದ್ದ ಪ್ರಾಣಿಗಳನ್ನು ಅಭಯಾರಣ್ಯದ ಆಚೆ, ಲೈಸೆನ್ಸ್ ಇದ್ದವರು, ಬೇಟೆಯ ಕಾಲದಲ್ಲಿ ಹೊಡೆಯಬಹುದಿತ್ತು.

ಹೇಗೆ ಹೊಡೆಯಬಾರದು ಅನ್ನುವ ಪಟ್ಟಿ ಓದಿದರೆ, ಅದನ್ನು ಬರೆದವರಿಗೆ ಕಾಡು ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ಜೀಪಿನಲ್ಲಿ ಕೂತು ಹೊಡೆಯಬಾರದು, ಗಾಡಿ ಬಿಟ್ಟು ಪ್ರಾಣಿಯನ್ನು ಅಟ್ಟಬಾರದು. ಸೂರ್ಯ ಮುಳುಗಿದ ಮೇಲೆ ಬೇಟೆ ಇಲ್ಲ, ಟಾರ್ಚ್ ಬೆಳಕು ಬಿಟ್ಟು ಹೊಡೆಯುವ ಹಾಗಿಲ್ಲ. ಉಪ್ಪು ನೆಕ್ಕಲು ಬರುವ ಜಾಗದಲ್ಲಿ, ನೀರು ಕುಡಿಯಲು ಬರುವ ದಾರಿಯಲ್ಲಿ ಹೊಂಚು ಹಾಕಬಾರದು. ಮರಿಯನ್ನಾಗಲಿ, ಹೆಣ್ಣು ಪ್ರಾಣಿಯನ್ನಾಗಲಿ, ಎಳೆಗೊಂಬಿನ ಜಿಂಕೆಯನ್ನಾಗಲಿ ಕೊಲ್ಲಬಾರದು. ಕಾಡಿಗೆ ಬೆಂಕಿ ಹಾಕಬಾರದು. ಬಾಯಾರಿ ನೀರಿಗೆ ಬಂದ ಪ್ರಾಣಿಯನ್ನು ಹೊಡೆಯಬಾರದು ಅನ್ನುವುದು ಹಳ್ಳಿಯಲ್ಲಿ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಅದನ್ನೂ ಕಾನೂನು ಮಾಡಿ ಬರೆಯಬೇಕಾದ ಕಾಲ ಬಂದಿತ್ತು.

ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. ವಿಷ, ಸಿಡಿಮದ್ದು, ಗುಂಡಿ, ಉರುಳು, ಬೋನು, ಬಲೆ, ಇವು ಯಾವುದರಿಂದಲೂ ಬೇಟೆ ಕೂಡದು. ಪ್ರಾಣಿ ಹಿಡಿಯುವ ಲೈಸೆನ್ಸ್ ಇದ್ದವರಿಗೆ ಮಾತ್ರ ಅದರಲ್ಲಿ ವಿನಾಯಿತಿ. ದೊಡ್ಡ ಬೇಟೆಗೆ ರೈಫಲ್ಲೇ ಆಗಬೇಕು. ನಮ್ಮ ತಾತನ ಬಲೆ ಆ ಸಾಲಿನಲ್ಲಿ ವಿಷದ ಪಕ್ಕ, ಸಿಡಿಮದ್ದಿನ ಪಕ್ಕ ಕೂತಿತ್ತು. ಅಜ್ಜಿ ಹೇಳಿದ ಕಾನೂನು ಇದೇ ಇರಬೇಕು. ರೈಫಲ್ ಇದ್ದವನಿಗೆ ಇನ್ನೂ 19 ವರ್ಷ ಬಾಗಿಲು ತೆರೆದೇ ಇತ್ತು. ಆ ಲೈಸೆನ್ಸ್‌ಗಳನ್ನೆಲ್ಲ ಕಾಯ್ದೆಯಿಂದ ಕಿತ್ತುಹಾಕಿದ್ದು 1991ರ ತಿದ್ದುಪಡಿಯಲ್ಲಿ.

ಹಾಗಂತ ಬಲೆ ಒಳ್ಳೆಯದು, ಉರುಳು ಒಳ್ಳೆಯದು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಉರುಳಿಗೆ ಕಣ್ಣಿಲ್ಲ. ಹಂದಿಗೆ ಒಡ್ಡಿದ್ದಕ್ಕೆ ಚಿರತೆ ಬೀಳುತ್ತದೆ, ಕರಡಿ ಬೀಳುತ್ತದೆ, ಬಸುರಿ ಜಿಂಕೆ ಬೀಳುತ್ತದೆ. ಎಳೆದಷ್ಟೂ ಬಿಗಿಯುತ್ತದೆ. ಸೊಂಟಕ್ಕೆ ಸಿಕ್ಕಿಕೊಂಡ ಚಿರತೆ ಎರಡು ದಿನ ಬೇಕಾದರೂ ಒದ್ದಾಡಿ ಸಾಯುತ್ತದೆ. ಕಟ್ಟುನಿಟ್ಟಿನ ಕಾನೂನು ಬರದಿದ್ದರೆ ನಮ್ಮಲ್ಲಿ ಇವತ್ತು ಹುಲಿ ಉಳಿಯುತ್ತಿರಲಿಲ್ಲ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. 2022ರ ಎಣಿಕೆಯಲ್ಲಿ ಕರ್ನಾಟಕದಲ್ಲಿ 563 ಹುಲಿ. ನನಗೆ ಇದು ಹೆಮ್ಮೆ, ನಿಜವಾದ ಹೆಮ್ಮೆ. ಆ ಲೆಕ್ಕ ಹೇಳುವಾಗ, ಬೆಲೆ ಮೊದಲು ಯಾರು ಕೊಟ್ಟರು ಅನ್ನುವುದನ್ನೂ ಹೇಳಿ ಅಂತಷ್ಟೇ ನನ್ನ ಮಾತು.

2006ರ ಅರಣ್ಯ ಹಕ್ಕು ಕಾಯ್ದೆ ನೋಡಿ. ಕಾಡಿನವರಿಗೆ ಜೇನು, ಗೆಡ್ಡೆ, ಸೌದೆ, ದೇವರ ಜಾಗ, ಹೀಗೆ ಎಷ್ಟೋ ಹಕ್ಕುಗಳನ್ನು ಒಪ್ಪಿಕೊಂಡಿತು. ಬೇಟೆ ಮತ್ತು ಪ್ರಾಣಿ ಹಿಡಿಯುವ ಹಕ್ಕನ್ನು ಮಾತ್ರ ಬಿಟ್ಟೆವು ಅಂತ ಸ್ಪಷ್ಟವಾಗಿ ಬರೆಯಿತು. ನಾನು ಮಾತಾಡಿಸಿದ ಹಾಡಿಯ ಹಿರಿಯರು ಯಾರೂ ಬೇಟೆ ವಾಪಸ್ ಕೊಡಿ ಅಂತ ಕೇಳಲಿಲ್ಲ. ಅವರು ಕೇಳಿದ್ದು ಗೆಣಸು ಅಗೆಯಲು ಹೋದವರನ್ನೂ ಬೇಟೆಗಾರರ ಹಾಗೆ ನೋಡಬೇಡಿ ಅಂತ.

ದಸರಾ ಅಂಬಾರಿ ಹೊತ್ತ ಅರ್ಜುನ ನೆನಪಿದ್ದಾನಾ? 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕವನು. 2012ರಿಂದ 2019ರವರೆಗೆ ಎಂಟು ವರ್ಷ 750 ಕಿಲೋ ಚಿನ್ನದ ಅಂಬಾರಿ ಹೊತ್ತ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕೆಲಸಕ್ಕೆ ಹೋಗಿ, ಕಾಡಾನೆಯ ಜೊತೆ ಕಾದಾಡಿ ಸತ್ತ. ಅವತ್ತು ಅವನ ಮಾವುತ ಅತ್ತದ್ದನ್ನು ನೋಡಿ ರಾಜ್ಯವೇ ಅತ್ತಿತು. ಹಗ್ಗ ಹಾಕಿಸಿಕೊಂಡು ನಾಡಿಗೆ ಬಂದವನು, ಇನ್ನೊಂದು ಆನೆಗೆ ಹಗ್ಗ ಹಾಕಲು ಹೋಗಿ ಹೋದ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಹೋದ ವರ್ಷ ಊರಿಗೆ ಹೋಗಿದ್ದಾಗ ನಮ್ಮ ದೊಡ್ಡಪ್ಪನ ಮಗನ ಜೋಳದ ಹೊಲದ ಬೇಲಿಯಲ್ಲಿ ಬೈಕಿನ ಕ್ಲಚ್ ವೈರಿನ ಉರುಳು ನೋಡಿದೆ.

"ಇದೇನಣ್ಣ?" ಅಂದೆ.

"ಹಂದಿಗೆ ಕಣಪ್ಪ. ಒಂದು ರಾತ್ರಿ ನುಗ್ಗಿದ್ರೆ ಅರ್ಧ ಎಕರೆ ಹೋಯ್ತದೆ. ನೀನು ಕೊಡ್ತೀಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳೆ ಹಾನಿಗೆ ಅರಣ್ಯ ಇಲಾಖೆಯ ಪರಿಹಾರ ಇದೆ, ಅರ್ಜಿ ಹಾಕು, ನಾನೇ ಮೊಬೈಲಿನಲ್ಲಿ ಫೋಟೋ ತೆಗೆದು ಬರೆದುಕೊಡುತ್ತೇನೆ ಅಂದೆ. ಅದು ಬರುವಷ್ಟರಲ್ಲಿ ಮುಂದಿನ ಬೆಳೆಯೂ ಹೋಗಿರ್ತದೆ ಅಂದ. ಆದರೂ ಚಿರತೆ ಬಿದ್ದರೆ ಜೈಲು ಅನ್ನುವುದು ಅವನಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಎರಡು ವರ್ಷದ ಹಿಂದೆ ಅವನದೇ ನಾಯಿ ಅಂಥದ್ದೇ ಒಂದು ಉರುಳಿಗೆ ಬಿದ್ದು ಸತ್ತಿತ್ತು. ಅದನ್ನು ಅವನೇ ಹೇಳಿದ, ನೆಲ ನೋಡುತ್ತಾ. ಆಮೇಲೆ ಇಬ್ಬರೂ ಬೇಲಿ ಉದ್ದಕ್ಕೂ ನಡೆದು ಏಳು ಉರುಳು ಬಿಚ್ಚಿದೆವು. ಆ ವೈರುಗಳನ್ನು ಸುರುಳಿ ಸುತ್ತಿ ಅವನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ. ಆ ರಾತ್ರಿ ತಮಟೆ ಹಿಡಿದು ಹೊಲ ಕಾಯಲು ಅವನ ಜೊತೆ ನಾನೂ ಹೋದೆ.

ನಮಸ್ಕಾರ.