ನೈಟ್ರೊ ದೋಣಿಯ ಎಂಜಿನ್: ಹದ ಮತ್ತು ಆರೈಕೆ

ಕೇಳುಗರಿಗೆ ನಮಸ್ಕಾರ. ರೇಡಿಯೊ ನಿಯಂತ್ರಣದಲ್ಲಿ ಓಡುವ ಮಾದರಿ ದೋಣಿಗಳಲ್ಲಿ ನೈಟ್ರೊ ಇಂಧನದವುಗಳಿಗೆ ವಿಶೇಷ ಆರೈಕೆ ಬೇಕು. 3.5 ಸಿಸಿಯ ಟೂ-ಸ್ಟ್ರೋಕ್ ಎಂಜಿನ್ ಇರುವ ದೋಣಿಯನ್ನು ಮುಂದಿಟ್ಟುಕೊಂಡು, ಅದನ್ನು ಹದಗೊಳಿಸುವ ಬಗೆಯನ್ನು ಇಂದು ವಿವರಿಸುತ್ತೇನೆ.

ಇದರ ಇಂಧನ ಮೆಥನಾಲ್, ನೈಟ್ರೊಮಿಥೇನ್ ಮತ್ತು ಎಣ್ಣೆಗಳ ಮಿಶ್ರಣ. ಎಣ್ಣೆಯ ಭಾಗದಲ್ಲಿ ನಮ್ಮ ಹರಳೆಣ್ಣೆಯೂ ಇರುವುದುಂಟು. ಇಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಅದರ ಬದಲಿಗೆ ಕಾದ ಸುರುಳಿಯಿಂದ ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಇದೆ. ಇದರ ಪ್ಲಾಟಿನಂ ಸುರುಳಿಯನ್ನು ಮೊದಲು ಸುಮಾರು 1.5 ವೋಲ್ಟಿನ ಬ್ಯಾಟರಿಯಿಂದ ಕಾಯಿಸುತ್ತೇವೆ. ಎಂಜಿನ್ ಹೊತ್ತಿಕೊಂಡ ಮೇಲೆ ದಹನದ ಶಾಖದಿಂದಲೂ ಪ್ಲಾಟಿನಂ ಮೆಥನಾಲಿನೊಡನೆ ನಡೆಸುವ ವೇಗವರ್ಧಕ ಕ್ರಿಯೆಯಿಂದಲೂ ಸುರುಳಿ ತಾನಾಗಿಯೇ ಕೆಂಪಗಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಈ ಎಂಜಿನ್ನಿಗೆ ಎಣ್ಣೆ ದೊರೆಯುವುದು ಇಂಧನದ ಜೊತೆಯಲ್ಲಿ ಮಾತ್ರ. ಕಾರ್ಬುರೇಟರಿನ ಮುಖ್ಯ ಸೂಜಿಯನ್ನು ಬಿಗಿಗೊಳಿಸಿ ಇಂಧನ ಕಡಿಮೆ ಮಾಡಿದರೆ ವೇಗ ಸ್ವಲ್ಪ ಹೊತ್ತು ಹೆಚ್ಚುತ್ತದೆ, ಆದರೆ ಶಾಖ ಏರುವ ಆ ಹೊತ್ತಿನಲ್ಲಿಯೇ ಪಿಸ್ಟನ್ನಿಗೆ ತಲುಪುವ ಎಣ್ಣೆಯೂ ಕಡಿಮೆಯಾಗಿ, ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಹಾಳಾಗುತ್ತದೆ. ಆದ್ದರಿಂದ ಸೂಜಿಯನ್ನು ಮೊದಲು ಸಡಿಲವಾಗಿಟ್ಟು ಇಂಧನ ಹೆಚ್ಚು ಹರಿಯುವಂತೆ ಮಾಡಿ, ದೋಣಿ ಒಂದೆರಡು ಸುತ್ತು ಓಡಿದ ನಂತರ ದಡಕ್ಕೆ ತಂದು ಕೂದಲೆಳೆಯಷ್ಟು ಬಿಗಿಗೊಳಿಸಬೇಕು. ಮನೆಯ ಮೇಜಿನ ಮೇಲೆ ಈ ಕೆಲಸ ಆಗದು: ಅಲ್ಲಿ ಪ್ರೊಪೆಲ್ಲರಿಗೆ ನೀರಿನ ಹೊರೆಯಿಲ್ಲ, ಸಿಲಿಂಡರಿನ ಸುತ್ತ ತಂಪು ನೀರೂ ಹರಿಯುವುದಿಲ್ಲ. ಪೂರ್ಣ ವೇಗದಲ್ಲಿ ಸ್ವರ ಒಡೆಯದೆ ಸ್ವಚ್ಛವಾಗಿ ಕೇಳಬೇಕು, ಹಿಂದೆ ತೆಳುವಾದ ಹೊಗೆಯ ಗೆರೆಯೂ ಕಾಣಬೇಕು. ಹೊಗೆ ಪೂರ್ತಿ ಮಾಯವಾದರೆ ಸೂಜಿಯನ್ನು ಕೂಡಲೇ ಸಡಿಲಿಸಿರಿ.

ಹವೆಯನ್ನೂ ಗಮನಿಸಬೇಕು. ಬಿಸಿ ಮಧ್ಯಾಹ್ನ ಹದಗೊಳಿಸಿದ ಎಂಜಿನ್ನನ್ನು ತಂಪಾದ ಮರುದಿನ ಬೆಳಿಗ್ಗೆ ಹಾಗೆಯೇ ಓಡಿಸುವುದು ಅಪಾಯ, ಏಕೆಂದರೆ ತಂಪು ಗಾಳಿ ಸಾಂದ್ರವಾಗಿದ್ದು ಆಮ್ಲಜನಕ ಹೆಚ್ಚು ಒಳಹೋಗುತ್ತದೆ, ಇಂಧನ ಮಾತ್ರ ಹಳೆಯ ಅಳತೆಯಲ್ಲಿಯೇ ಉಳಿಯುತ್ತದೆ.

ಎಂಜಿನ್ನನ್ನು ತಂಪುಗೊಳಿಸಿದ ನೀರು ದೋಣಿಯ ಪಕ್ಕದ ರಂಧ್ರದಿಂದ ಧಾರೆಯಾಗಿ ಹೊರಬರುತ್ತಿದೆಯೇ ಎಂದು ಪ್ರತಿ ಓಟದಲ್ಲೂ ನೋಡಿರಿ. ಪಾಚಿಯ ಒಂದು ಎಳೆ ಸಾಕು, ಕೊಳವೆ ಕಟ್ಟಿಕೊಳ್ಳುತ್ತದೆ.

ಓಟ ಮುಗಿದ ಮೇಲಿನ ಆರೈಕೆಯನ್ನು ಬಹಳ ಮಂದಿ ಕಡೆಗಣಿಸುತ್ತಾರೆ, ಇದು ನನಗೆ ನಿಜಕ್ಕೂ ಬೇಸರದ ವಿಷಯ. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಒಳಗೆ ಉಳಿದ ಇಂಧನವು ಬೇರಿಂಗುಗಳಿಗೆ ತುಕ್ಕು ಹಿಡಿಸುತ್ತದೆ. ಟ್ಯಾಂಕನ್ನು ಬರಿದು ಮಾಡಿ, ಕೊಳವೆಯಲ್ಲಿ ಉಳಿದ ಇಂಧನವನ್ನು ಎಂಜಿನ್ ನಡೆಸಿಯೇ ಮುಗಿಸಿ, ಕಾರ್ಬುರೇಟರಿಗೂ ಪ್ಲಗ್ಗಿನ ರಂಧ್ರಕ್ಕೂ ರಕ್ಷಣೆಯ ಎಣ್ಣೆಯ ಕೆಲವು ಹನಿ ಹಾಕಿ, ಎಂಜಿನ್ನನ್ನು ಕೆಲವು ಸುತ್ತು ತಿರುಗಿಸಬೇಕು. ಪ್ರೊಪೆಲ್ಲರಿಗೆ ಶಕ್ತಿ ಒಯ್ಯುವ ಬಾಗುವ ಶಾಫ್ಟನ್ನು ಹೊರತೆಗೆದು, ಒರೆಸಿ, ನೀರಿಗೆ ಕರಗದ ಗ್ರೀಸ್ ಹಚ್ಚಿರಿ.

ಮೆಥನಾಲ್ ವಿಷ, ಚರ್ಮದ ಮೂಲಕವೂ ದೇಹ ಸೇರುತ್ತದೆ, ಹೊಟ್ಟೆಗೆ ಹೋದರೆ ಕಣ್ಣು ಕಳೆಯಬಹುದು. ಅದರ ಜ್ವಾಲೆ ಹಗಲಿನಲ್ಲಿ ಕಾಣುವುದೇ ಕಷ್ಟ. ಕೈಗವಸು ಧರಿಸಿಯೇ ಇಂಧನ ತುಂಬಿರಿ, ಡಬ್ಬಿಯ ಮುಚ್ಚಳ ಬಿಗಿಮಾಡಿ ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿರಿ.