ಕಣ್ಣಿಗಲ್ಲ ಸ್ವಾಮಿ, ಕಿವಿಗೆ!

ನಮಸ್ಕಾರ. ಇವತ್ತು ಸೆಕೆಂಡ್ ಹ್ಯಾಂಡ್ ವಾಚ್ ಕೊಳ್ಳುವಾಗ ಏನೇನು ನೋಡಬೇಕು ಅಂತ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಅದನ್ನು ಪಕ್ಕಕ್ಕೆ ಎತ್ತಿಟ್ಟಿದ್ದೇನೆ. ಹೋದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು ಹಾಕಿದ ಕಾಮೆಂಟ್ ಓದಿದ ಮೇಲೆ ಬೇರೇನೂ ತಲೆಗೆ ಹೋಗುತ್ತಿಲ್ಲ. ಹಾಗೇ ಓದುತ್ತೇನೆ, ಕೇಳಿ. "ಗುರು, ಮಿನಿಟ್ ರಿಪೀಟರ್ ಅಂತ ಯಾಕೆ ಇಷ್ಟು ಕುಣಿತೀಯಾ? ನೋಡೋಕೆ ನಮ್ಮ ತಾತನ ವಾಚ್ ಥರ ಇದೆ. ಕೋಟಿ ಸುರಿಯೋದಾದ್ರೆ ಟೂರ್ಬಿಯಾನ್ ತಗೋಬೇಕು. ಎದುರಿಗೆ ಕೂತವನಿಗೆ ಗೊತ್ತಾಗಬೇಕು."

ಎದುರಿಗೆ ಕೂತವನಿಗೆ ಗೊತ್ತಾಗಬೇಕಂತೆ!

ಸ್ವಾಮಿ, ಎದುರಿಗೆ ಕೂತವನಿಗೆ ಗೊತ್ತಾಗದೇ ಇರೋದೇ ಅದರ ಗತ್ತು. ಇವತ್ತಿನ ಎಪಿಸೋಡ್ ಇಷ್ಟೇ. ಇನ್ನು ಮುಂದೆ ನಾನು ಹೇಳುವುದೆಲ್ಲ ಇದನ್ನೇ, ಸ್ವಲ್ಪ ಜಾಸ್ತಿ ಕೂಗಿ.

ಹೊಸಬರಿಗೆ ಒಂದು ಮಾತು. ಟೂರ್ಬಿಯಾನ್ ಅಂದರೆ ಒಳಗೆ ತಿರುಗುವ ಪಂಜರವಿರುವ ವಾಚ್, ಅದರ ಕಥೆಗೆ ಆಮೇಲೆ ಬರುತ್ತೇನೆ. ಮಿನಿಟ್ ರಿಪೀಟರ್ ಅಂದರೆ ಕೇಳಿದಾಗ ಬಾಯಿ ಬಿಟ್ಟು ಟೈಮ್ ಹೇಳುವ ವಾಚ್. ಕೇಸಿನ ಎಡಗಡೆ ಒಂದು ಸಣ್ಣ ಜಾರುಗುಂಡಿ ಇರುತ್ತದೆ. ಅದನ್ನು ಮೇಲಕ್ಕೆ ತಳ್ಳಿದರೆ ಒಳಗಿರುವ ಬೇರೊಂದು ಪುಟ್ಟ ಸ್ಪ್ರಿಂಗಿಗೆ ಕೀಲಿ ಬೀಳುತ್ತದೆ. ಬಿಟ್ಟ ತಕ್ಷಣ ಎರಡು ಚಿಕ್ಕ ಸುತ್ತಿಗೆಗಳು ಎರಡು ಉಕ್ಕಿನ ತಂತಿಗಳನ್ನು ಬಡಿಯಲು ಶುರು ಮಾಡುತ್ತವೆ. ತಗ್ಗಿದ ದನಿ ಗಂಟೆಗೆ. ಎರಡೂ ದನಿ ಜೋಡಿಯಾಗಿ ಬಂದರೆ ಕಾಲುಗಂಟೆಗೆ. ಏರಿದ ದನಿ ಉಳಿದ ನಿಮಿಷಗಳಿಗೆ. ಅಂಗಡಿಯವನು ಮೊದಲು ದೊಡ್ಡ ನೋಟು, ಆಮೇಲೆ ಸಣ್ಣ ನೋಟು, ಕೊನೆಗೆ ಚಿಲ್ಲರೆ ಎಣಿಸಿ ಕೈಗೆ ಹಾಕುವ ಹಾಗೆ. 12 ಗಂಟೆ 59 ನಿಮಿಷಕ್ಕೆ ಕೇಳಿದರೆ ಹನ್ನೆರಡು ಗಂಟೆ, ಮೂರು ಕಾಲು, ಹದಿನಾಲ್ಕು ನಿಮಿಷ ಎಲ್ಲ ಬಡಿದು ಮುಗಿಸಬೇಕು. ಅತಿ ಉದ್ದದ ಕಚೇರಿ ಅದೇ.

ಇದೆಲ್ಲ ಬ್ಯಾಟರಿ ಇಲ್ಲದೆ, ಚಿಪ್ ಇಲ್ಲದೆ. ಒಳಗೆ ಬಸವನಹುಳುವಿನ ಆಕಾರದ ಬಿಲ್ಲೆಗಳಿವೆ, ಅಂಚಿನಲ್ಲಿ ಮೆಟ್ಟಿಲು ಕೊರೆದಿರುತ್ತಾರೆ. ಗಂಟೆಯ ಬಿಲ್ಲೆಗೆ ಹನ್ನೆರಡು ಮೆಟ್ಟಿಲು. ಹಲ್ಲಿರುವ ಒಂದು ತೋಳು ಅದರ ಮೇಲೆ ಬಿದ್ದು, ಎಷ್ಟು ಆಳಕ್ಕೆ ಇಳಿಯಿತೋ ಅಷ್ಟು ಹಲ್ಲು ಸುತ್ತಿಗೆಯನ್ನು ಎತ್ತಿ ಬಿಡುತ್ತದೆ. ನನಗೆ ತುಂಬಾ ಇಷ್ಟವಾದ ಭಾಗ ಇನ್ನೊಂದಿದೆ. ಜಾರುಗುಂಡಿಯನ್ನು ಅರ್ಧ ತಳ್ಳಿ ಬಿಟ್ಟರೆ ತಪ್ಪು ಟೈಮ್ ಬಾರಿಸಬೇಕಲ್ವಾ? ಇಲ್ಲ. ಅದನ್ನು ತಡೆಯಲೆಂದೇ ಒಂದು ಬಿಡಿಭಾಗ ಇಟ್ಟಿದ್ದಾರೆ. ಪೂರ್ತಿ ತಳ್ಳಿದರೆ ಪೂರ್ತಿ ಹೇಳುತ್ತದೆ, ಇಲ್ಲಾಂದ್ರೆ ತುಟಿ ಪಿಟಕ್ ಅನ್ನುವುದಿಲ್ಲ. ನಮ್ಮ ಕೆಲವು ಟಿವಿ ಆ್ಯಂಕರ್‌ಗಳಿಗೂ ಇದೊಂದು ಬಿಡಿಭಾಗ ಹಾಕಿಸಬೇಕಿತ್ತು.

ಇಷ್ಟೆಲ್ಲ ಒಳಗಿಟ್ಟುಕೊಂಡು ಹೊರಗೆ ಹೇಗಿರುತ್ತದೆ? ಸ್ವಿಸ್ ಕಂಪನಿ ಪಾಟೆಕ್ ಫಿಲಿಪ್‌ನ 5078 ಅನ್ನುವ ರಿಪೀಟರ್ ನೋಡಿ. ಬಿಳಿ ಎನಾಮೆಲ್ ಡಯಲ್. ಎರಡು ಮುಳ್ಳು, ಕೆಳಗೆ ಒಂದು ಪುಟ್ಟ ಸೆಕೆಂಡ್ ಮುಳ್ಳು. ಒಳಗಡೆ 300ಕ್ಕೂ ಜಾಸ್ತಿ ಬಿಡಿಭಾಗ. ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವನು "ಸಾರು ಹಾಕಿ" ಅಂತ ಕೂಗುತ್ತಾನೆಯೇ ಹೊರತು ನಿಮ್ಮ ಕೈ ಕಡೆ ತಿರುಗಿಯೂ ನೋಡುವುದಿಲ್ಲ. ಅದೇ ಅದರ ಗತ್ತು!

ಈಗ ಟೂರ್ಬಿಯಾನ್ ಕಡೆ ಬರೋಣ. 1801ರಲ್ಲಿ ಪ್ಯಾರಿಸ್‌ನಲ್ಲಿ ಬ್ರೆಗೆ ಅನ್ನುವ ವಾಚ್ ತಯಾರಕರು ಅದಕ್ಕೆ ಪೇಟೆಂಟ್ ಪಡೆದರು. ಯಾಕೆ ಬೇಕಿತ್ತು? ಆಗಿನ ವಾಚ್ ಜೇಬಿನಲ್ಲಿ ಇಡೀ ದಿನ ನೆಟ್ಟಗೆ ನಿಂತಿರುತ್ತಿತ್ತು, ಭೂಮಿಯ ಸೆಳೆತ ಒಂದೇ ಕಡೆಯಿಂದ ಎಳೆದು ಟೈಮ್ ತಪ್ಪಿಸುತ್ತಿತ್ತು. ಅದಕ್ಕೇ ವಾಚಿನ ಲಯ ಹಿಡಿಯುವ ಬ್ಯಾಲೆನ್ಸ್ ಚಕ್ರವನ್ನು ಪಂಜರದಲ್ಲಿಟ್ಟು ಪಂಜರವನ್ನೇ ತಿರುಗಿಸಿದರು. ಅದ್ಭುತ ತಲೆ, ಒಪ್ಪಿದೆ. ಆದರೆ ಕೈಗಡಿಯಾರ ಕೈಯ ಜೊತೆ ತಾನೇ ದಿನವಿಡೀ ತಿರುಗುತ್ತದಲ್ಲ, ಅದಕ್ಕೆ ಪಂಜರ ಯಾಕಪ್ಪಾ? ಯಾಕೆ ಅಂದರೆ ಡಯಲ್‌ಗೆ ಕಿಟಕಿ ಕೊರೆದು ತೋರಿಸೋಕೆ! ಈಗ ಚೀನಾದ ಟೂರ್ಬಿಯಾನ್ ಹತ್ತಾರು ಸಾವಿರ ರೂಪಾಯಿಗೂ ಸಿಗುತ್ತದೆ. ಎದುರಿಗೆ ಕೂತವನಿಗೆ ವ್ಯತ್ಯಾಸ ಗೊತ್ತಾಗುತ್ತದೆಯೇ? ತಮಾಷೆ ಏನು ಗೊತ್ತಾ, ಪಾಟೆಕ್‌ನವರೇ ತಮ್ಮ ಟೂರ್ಬಿಯಾನ್‌ಗಳನ್ನು ಬಹುಮಟ್ಟಿಗೆ ಡಯಲ್ ಹಿಂದೆ ಬಚ್ಚಿಟ್ಟು ಮಾರಿದ್ದಾರೆ. ಬಿಸಿಲು ಬಿದ್ದರೆ ಎಣ್ಣೆ ಕೆಡುತ್ತದೆ ಅನ್ನುವುದು ಅವರ ವಾದ. ನನ್ನ ಲೆಕ್ಕದಲ್ಲಿ ಅವರಿಗೆ ಮರ್ಯಾದೆ ಗೊತ್ತಿತ್ತು.

ರಿಪೀಟರ್ ಹುಟ್ಟಿದ್ದೇ ಕತ್ತಲಲ್ಲಿ. 17ನೇ ಶತಮಾನದ ಕೊನೆಯ ಲಂಡನ್, ಬೆಂಕಿಪೊಟ್ಟಣವೂ ಇಲ್ಲದ ಕಾಲ. ರಾತ್ರಿ ಎಚ್ಚರವಾದರೆ ಗಂಟೆ ಎಷ್ಟು ಅಂತ ನೋಡುವುದೇ ಒಂದು ಕೆಲಸ. 1687ರಲ್ಲಿ ಪಾದ್ರಿ ಎಡ್ವರ್ಡ್ ಬಾರ್ಲೋ ರಿಪೀಟರಿಗೆ ಪೇಟೆಂಟ್ ಕೇಳಿದರು, ಡೇನಿಯಲ್ ಕ್ವೇರ್ ಅನ್ನುವ ಗಡಿಯಾರ ತಯಾರಕರು ಅಡ್ಡ ಬಂದರು. ಎರಡೂ ವಾಚ್ ರಾಜ ಎರಡನೇ ಜೇಮ್ಸ್ ಮುಂದೆ ಹೋದವು. ಬಾರ್ಲೋ ವಾಚಿನಲ್ಲಿ ಗಂಟೆಗೊಂದು, ಕಾಲುಗಂಟೆಗೊಂದು ಬೇರೆ ಬೇರೆ ಗುಂಡಿ. ಕ್ವೇರ್ ವಾಚಿನಲ್ಲಿ ಒಂದು ಸಲ ಒತ್ತಿದರೆ ಎರಡೂ ಬಾರಿಸುತ್ತಿತ್ತು. ಕ್ವೇರ್ ಗೆದ್ದರು. ಅರ್ಧ ನಿದ್ದೆಯಲ್ಲಿ ಯಾರು ಎರಡು ಗುಂಡಿ ಹುಡುಕುತ್ತಾರೆ? ಮಣಿಕಟ್ಟಿಗೆ ಈ ವಿದ್ಯೆ ಬಂದಿದ್ದು 1892ರಲ್ಲಿ, ಈಗ ಒಮೆಗಾ ಅನ್ನಿಸಿಕೊಳ್ಳುವ ಕಂಪನಿಯ ವಾಚಿನಲ್ಲಿ. ಕತ್ತಲಿಗೆ ಮಾಡಿದ ವಸ್ತು ಅದು. ಅದನ್ನು ಶೋಕೇಸಿನಲ್ಲಿಟ್ಟು "ನೋಡೋಕೆ ಏನೂ ಇಲ್ಲ" ಅಂದರೆ ಏನು ಹೇಳೋಣ?

ನಾನು ಒಂದನ್ನು ಹತ್ತಿರದಿಂದ ಕೇಳಿದ್ದೇನೆ. ಯಾರ ಮನೆಯಲ್ಲಿ ಅಂತ ಕೇಳಬೇಡಿ, ಇನ್‌ಕಮ್ ಟ್ಯಾಕ್ಸ್‌ನವರೂ ಚಾನೆಲ್ ನೋಡುತ್ತಾರೆ. ಫ್ಯಾನ್ ಆಫ್ ಮಾಡಿಸಿದರು. ಆದರೂ ಅಡುಗೆಮನೆಯ ಫ್ರಿಜ್ ಗುಂಯ್ ಅನ್ನುತ್ತಿತ್ತು, ಅದನ್ನೂ ಆಫ್ ಮಾಡಿ ಬಂದರು. ಗುಂಡಿ ತಳ್ಳಿ ಬಿಟ್ಟ ಮೇಲೆ ಮೊದಲು ಕೇಳಿಸಿದ್ದು ತೀರಾ ಸಣ್ಣ ಸರ್ ಸದ್ದು, ಬಡಿತದ ವೇಗ ಹಿಡಿದಿಡುವ ಗವರ್ನರ್ ತಿರುಗುವ ಸದ್ದು. ಆಮೇಲೆ ಎಂಟು ಸಲ ತಗ್ಗಿದ ದನಿ. ಎರಡು ಜೋಡಿ. ಏಳು ಸಲ ಏರಿದ ದನಿ. 8 ಗಂಟೆ 37 ನಿಮಿಷ. ಕೊನೆಯ ಪೆಟ್ಟು ಮುಗಿದರೂ ತಂತಿ ಇನ್ನೂ ಸ್ವಲ್ಪ ಹೊತ್ತು ಗುನುಗುತ್ತಿತ್ತು. ಆ ತಂತಿಯನ್ನು ಕುಶಲಕರ್ಮಿ ಕೈಯಲ್ಲಿ ಅರ ಹಿಡಿದು ಇಷ್ಟಿಷ್ಟೇ ಉಜ್ಜಿ ಶ್ರುತಿಗೆ ತಂದಿರುತ್ತಾನೆ. ಪಾಟೆಕ್‌ನಲ್ಲಿ ಕಂಪನಿಯ ಯಜಮಾನ ಥಿಯೆರಿ ಸ್ಟರ್ನ್ ಪ್ರತಿ ರಿಪೀಟರನ್ನೂ ಕಿವಿಯಾರೆ ಕೇಳಿದ ಮೇಲೇ ಹೊರಗೆ ಬಿಡುವುದು. ಗಮನಿಸಿ, ಕೇಳಿದ ಮೇಲೆ. ನೋಡಿದ ಮೇಲೆ ಅಲ್ಲ!

ಅಂದ ಹಾಗೆ, ಸಬ್‌ಸ್ಕ್ರೈಬ್ ಮಾಡಿಲ್ಲದವರು ಮಾಡಿಬಿಡಿ. ಮುಂದಿನ ತಿಂಗಳು ಎಚ್ಎಂಟಿ ಮೇಲೆ ಸರಣಿ ತರುತ್ತಿದ್ದೇನೆ. 1961ರಲ್ಲಿ ಸಿಟಿಜನ್ ಜೊತೆ ಸೇರಿ ನಮ್ಮ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ಕಣ್ಣು ಕಾಣದವರಿಗೆಂದು ಗಾಜು ತೆರೆದು ಮುಳ್ಳು ಮುಟ್ಟಿ ಟೈಮ್ ತಿಳಿಯುವ ಬ್ರೈಲ್ ವಾಚನ್ನೂ ಅವರು ಮಾಡಿದ್ದರು. ಒಂದು ನನ್ನ ಹತ್ತಿರ ಇದೆ. ಮಾರುವುದಿಲ್ಲ, ಮೆಸೇಜ್ ಮಾಡಬೇಡಿ.

ಇನ್ನು ತಕರಾರುಗಳು. "ಫೋನ್ ಟೈಮ್ ಹೇಳುತ್ತಲ್ಲ" ಅನ್ನುವವರೇ, ಫೋನ್ ಹತ್ತಿರ ಹೋಗಿ ಕೇಳಿ, ಇಲ್ಲಿ ಯಾಕೆ ಬಂದಿರಿ? "ನೀರು ಬಿದ್ದರೆ ಕೆಡುತ್ತಂತೆ." ಹೌದು, ಎಷ್ಟೋ ರಿಪೀಟರ್‌ಗಳು ನೀರು ತಡೆಯುವುದಿಲ್ಲ. ಅದನ್ನು ಕಟ್ಟಿಕೊಂಡು ನೀವೇನು ಪಾತ್ರೆ ತೊಳೆಯುತ್ತೀರಾ? "ಪ್ಲಾಟಿನಂ ಕೇಸಿನಲ್ಲಿ ಸದ್ದು ಮಂಕು." ಚಿನ್ನದ್ದು ತಗೊಳ್ಳಿ! ನನ್ನ ದುಡ್ಡಲ್ವಲ್ಲ.

ಒಬ್ಬರು ಬುದ್ಧಿವಂತರು ಕೇಳಿದ್ದಾರೆ, "ಹಾಗಾದರೆ ಪಾಟೆಕ್ ಗ್ರ್ಯಾಂಡ್‌ಮಾಸ್ಟರ್ ಚೈಮ್ ಕಥೆ ಏನು? ಅದೂ ರಿಪೀಟರೇ, ಎರಡೂ ಕಡೆ ಡಯಲ್, ಎದ್ದು ಕಾಣುತ್ತಲ್ಲ?" ಆ ವಾಚಿನ ಉಕ್ಕಿನ ಒಂದೇ ಒಂದು ಪ್ರತಿ 2019ರಲ್ಲಿ ಜಿನೀವಾದಲ್ಲಿ 3.1 ಕೋಟಿ ಸ್ವಿಸ್ ಫ್ರಾಂಕಿಗೆ ಹೋಯಿತು. ಎದ್ದು ಕಾಣುತ್ತದೆ, ನಿಜ. ಆದರೆ ಅದು ಸ್ನಾಯು ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸಲು ಮಾಡಿದ ಹರಾಜು. ಧರ್ಮಕಾರ್ಯ. ಅದು ಲೆಕ್ಕಕ್ಕಿಲ್ಲ. ಯಾಕೆ ಲೆಕ್ಕಕ್ಕಿಲ್ಲ ಅಂದರೆ, ನಾನು ಹೇಳಿದೆ ಅಂತ.

ಎದುರಿಗೆ ಕೂತವನಿಗೆ ಗೊತ್ತಾದರೆ ಏನಾಗುತ್ತದೆ ಅಂತ ಕನ್ನಡಿಗರಿಗೆ ನಾನು ಹೇಳಿಕೊಡಬೇಕಾ? 2016ರಲ್ಲಿ ನಮ್ಮ ವಿಧಾನಸಭೆಯಲ್ಲೇ ಒಂದು ಹಬ್ಲೋ ವಾಚಿನ ಮೇಲೆ ಎಷ್ಟು ಗಲಾಟೆ ಆಯಿತು, ನೆನಪಿದೆಯಾ? ಯಾಕೆ ಆಯಿತು? ಕಣ್ಣಿಗೆ ಬಿತ್ತು! ಅದೇ ಜಾಗದಲ್ಲಿ ಬಿಳಿ ಡಯಲಿನ ಸಾದಾ ರಿಪೀಟರ್ ಇದ್ದಿದ್ದರೆ ಯಾವ ವಿರೋಧ ಪಕ್ಷಕ್ಕೂ ಸುಳಿವು ಸಿಗುತ್ತಿರಲಿಲ್ಲ. ಅಧಿವೇಶನದ ಮಧ್ಯೆ ಬಾರಿಸದಿದ್ದರೆ ಸಾಕಿತ್ತು.

"ನಿನ್ನ ಹತ್ತಿರ ರಿಪೀಟರ್ ಇದೆಯಾ" ಅಂತ ಮತ್ತೆ ಕೇಳುತ್ತೀರಿ, ಗೊತ್ತು. ಇದ್ದರೂ ನಿಮಗೆ ಕಾಣಿಸುವುದಿಲ್ಲ, ಅಲ್ವಾ? ಸುಮ್ನೆ ನಂಬಿ. ಕೆಳಗಿನ ಲಿಂಕಿನಲ್ಲಿ ನಮ್ಮ ಚಾನೆಲ್‌ನ ಚರ್ಮದ ಸ್ಟ್ರ್ಯಾಪ್ ಇದೆ, ಕಂದು ಮತ್ತು ಕಪ್ಪು. ರಿಪೀಟರಿಗೂ ಹೊಂದುತ್ತದೆ, ಎಚ್ಎಂಟಿಗೂ ಹೊಂದುತ್ತದೆ. ಟೂರ್ಬಿಯಾನ್ ಪಾರ್ಟಿಯವರು ಬೇಕಿದ್ದರೆ ಡಿಸ್‌ಲೈಕ್ ಒತ್ತಿಕೊಳ್ಳಿ. ಯೂಟ್ಯೂಬ್‌ನವರು ಆ ಲೆಕ್ಕವನ್ನು ಯಾರಿಗೂ ಕಾಣಿಸದ ಹಾಗೆ ಮಾಡಿ ಕಾಲವಾಯಿತು.