ಮುಳುಗುತ್ತದೋ, ಉಳಿಯುತ್ತದೋ?

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೇ ಪೇಟೆ ಕಳೆಗುಂದಿದರೆ ನಾವು ಸಾಮಾನ್ಯವಾಗಿ ಏನು ಹೇಳುತ್ತೇವೆ? ರಸ್ತೆ ಇಕ್ಕಟ್ಟು, ಗಾಡಿ ನಿಲ್ಲಿಸಲು ಜಾಗವಿಲ್ಲ, ದುಡ್ಡಿಲ್ಲ. ಬೆಳಗಾವಿಯಂಥ ಊರಿಗೆ ಈ ಮಾತು ಸರಿ. ಹಳೇ ಬಾಗಲಕೋಟೆಯ ಗೋಳೇ ಬೇರೆ. ಇಲ್ಲಿ ಜನ ಕೇಳುವುದು ಒಂದೇ: ನಮ್ಮ ಓಣಿ ಮುಳುಗುತ್ತದೋ, ಉಳಿಯುತ್ತದೋ?

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಮುಂದೆ ಹಿನ್ನೀರು ಘಟಪ್ರಭೆಯಲ್ಲಿ ಏರಿ ಊರಿನ ತಗ್ಗಿನ ಭಾಗವನ್ನು ನುಂಗಿತು. ಮನೆ ಕಳೆದುಕೊಂಡವರಿಗೆ ನವನಗರ ಎದ್ದಿತು. ಅದರ ನಕ್ಷೆಯಲ್ಲಿ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈಯಿತ್ತು. ಅಗಲವಾದ ರಸ್ತೆ, ನಂಬರು ಹಾಕಿದ ಸೆಕ್ಟರು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು, ದೊಡ್ಡ ಕಚೇರಿಗಳೆಲ್ಲ ಆ ಕಡೆಗೇ ಹೋದವು.

ಪೇಟೆ ಮಾತ್ರ ಪೂರ್ತಿ ಹೋಗಲಿಲ್ಲ. ಮದುವೆ ಜವಳಿಗೆ ಬಂದವರು ಸೀರೆ ಅಂಗಡಿಯಿಂದ ಅಕ್ಕಸಾಲಿಗರ ಹತ್ತಿರ ಹೋಗುತ್ತಾರೆ. ಅಲ್ಲಿಂದ ಬಳೆ, ಪಾತ್ರೆ, ಕೊನೆಗೆ ಒಂದು ಕಪ್ ಚಹಾ. ಈ ಸಾಲಿನಲ್ಲಿ ಒಂದು ಅಂಗಡಿ ಎದ್ದು ಹೋದರೆ ಉಳಿದವಕ್ಕೂ ಗಿರಾಕಿ ಕಡಿಮೆ. ಸೆಕ್ಟರಿನಲ್ಲಿ ಮಳಿಗೆ ಕಟ್ಟಿಕೊಟ್ಟ ಮಾತ್ರಕ್ಕೆ ಈ ಓಡಾಟ ಹುಟ್ಟುವುದಿಲ್ಲ. ಹೋಳಿಯೂ ಅಷ್ಟೇ. ಹಲಗೆ ಸದ್ದು, ಬಣ್ಣದ ಬಂಡಿ ಅಂದರೆ ಹಳೇ ಊರೇ ಬೇಕು, ಅಲ್ವಾ?

ಈಗ ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವುದು 519.60 ಮೀಟರ್ ಮಟ್ಟಕ್ಕೆ. ರಾಜ್ಯಗಳಿಗೆ ಕೃಷ್ಣಾ ನದಿಯ ನೀರು ಹಂಚುವ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. ಅಂದರೆ ಇನ್ನೂ ನಾಲ್ಕೂವರೆ ಮೀಟರಿಗಿಂತ ಜಾಸ್ತಿ. ಆದರೆ ರಾಜ್ಯಗಳ ತಂಟೆ ಸುಪ್ರೀಂ ಕೋರ್ಟಿಗೆ ಹೋಗಿ, ಆ ತೀರ್ಪು ಜಾರಿಗೆ ಬರಲು ಬೇಕಾದ ಗೆಜೆಟ್ ಅಧಿಸೂಚನೆ ತಡೆದು ನಿಂತಿದೆ. ಹೀಗಿರುವಾಗ ಮಾಳಿಗೆ ಸೋರಿದರೂ ಮಾಲೀಕ ಯಾಕೆ ಖರ್ಚು ಮಾಡಬೇಕು? ಮುಳುಗಡೆಗೆಂದು ಮನೆ ನಾಳೆ ಸರ್ಕಾರದ್ದಾಗಬಹುದು. ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಅಣ್ಣತಮ್ಮಂದಿರೆಲ್ಲರ ಹೆಸರು ಸೇರಿದ್ದರಂತೂ ಒಬ್ಬರೂ ಕೈ ಹಾಕುವುದಿಲ್ಲ. ಪರಿಹಾರ ಬಂದಾಗ ಹಂಚಿಕೊಂಡರಾಯಿತು ಅಂತ ಬೀಗ ಹಾಕಿಡುತ್ತಾರೆ. ಅದು ಅವರ ಸೋಮಾರಿತನ ಅಲ್ಲ, ಲೆಕ್ಕಾಚಾರ.

ನನ್ನನ್ನು ಕೇಳಿದರೆ, ಸುಂದರೀಕರಣದ ಯೋಜನೆ ಆಮೇಲೆ ಇರಲಿ. ಯಾವ ಓಣಿ ಹೋಗುತ್ತದೆ, ಯಾವುದು ಉಳಿಯುತ್ತದೆ ಎಂದು ಮನೆಮನೆಯ ಪಟ್ಟಿ ಮಾಡಿ ಗೋಡೆಗೆ ಅಂಟಿಸಲಿ. ಉಳಿಯುವ ಕಡೆ ಜನ ತಾವೇ ಸುಣ್ಣ ಬಳಿಯುತ್ತಾರೆ. ಹೋಗುವ ಕಡೆಯೂ ಚರಂಡಿ ಬೇಕೇ ಬೇಕು. ಇನ್ನೂ ಎಷ್ಟೋ ಮಳೆಗಾಲ ಅಲ್ಲೇ ಇರುವವರು ಕೊಳಚೆ ತುಳಿದು ಓಡಾಡಬೇಕೇ?

ಇನ್ನೊಂದು ವಿಷಯ ಬಾಡಿಗೆ ಅಂಗಡಿಯವರಿಗೆ. ಕಟ್ಟಡದ ಪರಿಹಾರ ಮಾಲೀಕನ ಕೈಗೆ ಹೋಗುತ್ತದೆ, ಎರಡು ತಲೆಮಾರು ಗಲ್ಲೆಯ ಮೇಲೆ ಕೂತವನ ಗತಿ ಏನು? 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಅವನಿಗೂ ಅವಕಾಶವಿದೆ. ಸ್ವಾಧೀನಕ್ಕೆ ಮೊದಲಿನ ಮೂರು ವರ್ಷ ಆ ಅಂಗಡಿಯನ್ನೇ ನಂಬಿ ಹೊಟ್ಟೆ ಹೊರೆದಿದ್ದರೆ ಅವನದೂ ಬಾಧಿತ ಕುಟುಂಬ. ಆದರೆ ಅದಕ್ಕೆ ಪುರಾವೆ ಬೇಕು. ಆದ್ದರಿಂದ ಬಾಡಿಗೆ ರಸೀದಿ, ಟ್ರೇಡ್ ಲೈಸೆನ್ಸು, ಕರೆಂಟ್ ಬಿಲ್ಲು ಇವನ್ನು ರದ್ದಿಗೆ ಹಾಕಬೇಡಿ. ಒಂದು ಫೈಲಿನಲ್ಲಿ ಜೋಡಿಸಿ, ಒದ್ದೆಯಾಗದ ಕಡೆ ಇಡಿ.